ಡ್ರೈವಿಂಗ್ ಮಾಸ್ತರು ಮತ್ತು ಅವರ ಅಧ್ಯಕ್ಷರು

ಅವರ ಬಲಗೈಯ ಬೆರಳ ತುದಿಗಳಲ್ಲಿ ಚರ್ಮ ನುಣುಪಾಗಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ಮೇಲೂ ಕೂದಲೆಳೆಯಂಥ ಬಿಳಿ ಗೆರೆಗಳು ಅಡ್ಡಾದಿಡ್ಡಿಯಾಗಿ ಹರಡಿದ್ದವು. ಆ ಬೆರಳುಗಳಿಂದ ಡ್ಯಾಶ್‌ಬೋರ್ಡನ್ನು ಒಂದು ಸಲ ತಟ್ಟಿದರೆ ಮುಂದೆ ಹೋಗು ಎಂದರ್ಥ, ಎರಡು ಸಲ ತಟ್ಟಿದರೆ ನಿಧಾನಿಸು. ಎಲ್ಲೋ ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದವರಿರಬೇಕು ಎಂದು ಮೊದಲ ದಿನ ನಾನು ಅಂದುಕೊಂಡೆ. ಅದು ಹತ್ತಿ ಬಿಡಿಸಿದ ಗುರುತು ಎಂದು ತಿಳಿದದ್ದು ನಾಲ್ಕನೆಯ ಪಾಠದಲ್ಲಿ.

ಅಮೆರಿಕದ ಸ್ಯಾನ್ ರಮೋನಿಗೆ ಬಂದು ಮೂರು ವರ್ಷವಾಗಿದ್ದರೂ ನಾನು ಕಾರು ಮುಟ್ಟಿರಲಿಲ್ಲ. ಹುಬ್ಬಳ್ಳಿಯ ಗಲ್ಲಿಗಳಲ್ಲಿ ಸ್ಕೂಟಿ ಓಡಿಸಿದವಳೇ; ಆದರೆ ಇಲ್ಲಿಯ ಫ್ರೀವೇ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ನನ್ನವರು ಎರಡು ಶನಿವಾರ ಕಲಿಸಲು ನೋಡಿದರು. "ನಿನಗ ಎಡಾ ಯಾವ್ದು ಬಲಾ ಯಾವ್ದು ಅನ್ನೋದ ತಿಳಿಯಂಗಿಲ್ಲ, ನಾ ಏನ್ ಕಲಸ್ಲಿ?" ಎಂದು ಕೈಚೆಲ್ಲಿದರು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರೇ ಒಂದು ಡ್ರೈವಿಂಗ್ ಸ್ಕೂಲಿಗೆ ಫೋನು ಮಾಡಿದರು.

ಮಾಸ್ತರು ಬಂದದ್ದು ಹಾಗೆ. ಅರವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಹಲ್ಲಿನ ಸಾಲಿನಲ್ಲಿ ಎರಡು ಚಿನ್ನದ ಹಲ್ಲು. ಉಜ್ಬೇಕಿಸ್ತಾನದವರು, ಸಮರ್ಕಂದಿನ ಹತ್ತಿರದ ಊರು. ಹಿಂದಿ ಸಿನಿಮಾ ನೋಡಿ ನೋಡಿ ಕಲಿತ ಹಿಂದಿ, ಅದರ ನಡುವೆ ಒಡೆದ ಇಂಗ್ಲಿಷು. ನಾನು ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ಆಡುವವಳು. ನಮ್ಮಿಬ್ಬರ ಮಾತು ಹೇಗೋ ಸಾಗಿತು. ದುನಿಯಾ, ದೋಸ್ತ, ಕಿತಾಬು ಅವರಲ್ಲೂ ಇದ್ದವು. ಮೋಸ ಮಾಡಿದ್ದು ಬೇರೆ ಪದಗಳು. ಅವರಲ್ಲಿ ಸಬ್ಜಿ ಎಂದರೆ ಗಜ್ಜರಿ ಮಾತ್ರ. ಮೊದಲ ದಿನ ಸ್ಟೇರಿಂಗ್ ಹಿಡಿಯುತ್ತಿದ್ದಂತೆ "ಹೆದರಬೇಡ, ಸಿಂಗ್ಲಿಂ" ಎಂದರು. ನನಗೆ ಕೇಳಿಸಿದ್ದು ಸಿಂಗಲ್.

"ಇಲ್ರೀ, ನನಗೆ ಮದುವೆಯಾಗಿದೆ, ಏಳು ವರ್ಷದ ಮಗಳಿದ್ದಾಳೆ" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಎರಡೂ ಚಿನ್ನದ ಹಲ್ಲು ಕಾಣುವಂತೆ ನಕ್ಕರು. ಸಿಂಗ್ಲಿಂ ಎಂದರೆ ನನ್ನ ತಂಗಿ ಎಂದಂತೆ.

ನಾಲ್ಕನೆಯ ಪಾಠದಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಬೆರಳುಗಳ ಬಗ್ಗೆ ಕೇಳಿಯೇ ಬಿಟ್ಟೆ. ಅವರು ಇಪ್ಪತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವರಂತೆ. ಪ್ರತಿ ವರ್ಷ ಹತ್ತಿ ಒಡೆಯುವ ಕಾಲಕ್ಕೆ ಶಾಲೆಗೆ ಬೀಗ. ಮಾಸ್ತರರು, ಮಕ್ಕಳು, ಡಾಕ್ಟರು, ಗುಮಾಸ್ತರು ಎಲ್ಲರೂ ಹೊಲಕ್ಕೆ. ಒಬ್ಬೊಬ್ಬರಿಗೂ ದಿನಕ್ಕಿಷ್ಟು ಬಿಡಿಸಬೇಕೆಂಬ ಸರ್ಕಾರದ ಹುಕುಂ. ಒಣಗಿದ ಕಾಯಿಯ ಸಿಪ್ಪೆ ಬೆರಳು ಗೀರುತ್ತದೆ, ಗೀರಿದ ಮೇಲೆಯೇ ಮತ್ತೆ ಗೀರುತ್ತದೆ.

"ನಮ್ಮ ಕಡೆಯೂ ಹತ್ತಿ ಬಿಡಿಸುತ್ತಾರೆ" ಎಂದೆ.

"ಮಾಸ್ತರರು ಬಿಡಿಸುತ್ತಾರೇನು?"

"ಇಲ್ಲ."

"ಹಾಗಾದರೆ ಅದು ಬೇರೆ. ಸಿಗ್ನಲ್ ಹಸಿರಾಯಿತು, ನಡಿ."

ಒಂದು ಸುಗ್ಗಿಯಲ್ಲಿ ಅವರ ತರಗತಿಯ ಹುಡುಗಿಯೊಬ್ಬಳಿಗೆ ಹೊಲದಲ್ಲೇ ಜ್ವರ ಏರಿತು. ಕಣ್ಣು ಹಳದಿಯಾಗಿತ್ತು. ಮೇಲಿನವರ ಅಪ್ಪಣೆಯಿಲ್ಲದೆ ಯಾರೂ ಹೊಲ ಬಿಡುವಂತಿರಲಿಲ್ಲ. ಅಪ್ಪಣೆ ಕೊಡಬೇಕಾದ ಉಪ ಹೆಡ್‌ಮಾಸ್ತರರು ಸಂಜೆಯವರೆಗೆ ತಡೆಯಿರಿ ಎಂದರು. ನಮ್ಮ ಮಾಸ್ತರು ತಡೆಯಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರು ನಿಲ್ಲಿಸಿ, ಹುಡುಗಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಹುಡುಗಿ ಉಳಿದಳು. ಮಾಸ್ತರರ ಕೆಲಸ ಹೋಯಿತು. ಅಲ್ಲಿ ಪ್ರತಿಯೊಬ್ಬ ನೌಕರನಿಗೂ ಒಂದು ಕೆಲಸದ ಪುಸ್ತಕವಿರುತ್ತದೆ. ಎಲ್ಲಿ ಸೇರಿದ, ಯಾಕೆ ಬಿಟ್ಟ ಎಲ್ಲ ಅದರಲ್ಲಿ ಮೊಹರಿನೊಂದಿಗೆ ದಾಖಲಾಗುತ್ತದೆ. ಅವರದರಲ್ಲಿ ಕೊನೆಯ ಸಾಲು ಹೀಗಿತ್ತು: ಕಾರಣವಿಲ್ಲದೆ ಗೈರುಹಾಜರಾದದ್ದಕ್ಕೆ ವಜಾ. ಆ ಸಾಲಿದ್ದವನನ್ನು ಯಾವ ಶಾಲೆಯೂ ಸೇರಿಸುವುದಿಲ್ಲ. ಕೆಲವು ವರ್ಷ ಅದೂ ಇದೂ ಮಾಡಿ, ಅಮೆರಿಕದ ವೀಸಾ ಲಾಟರಿಯಲ್ಲಿ ಹೆಸರು ಬಂದಾಗ ಹೆಂಡತಿಯೊಂದಿಗೆ ಇಲ್ಲಿಗೆ ಬಂದರು. ಹೆಂಡತಿ ಒಂದು ಡೇಕೇರಿನ ಅಡುಗೆಮನೆಯಲ್ಲಿದ್ದರು.

ಇಷ್ಟೇ ಆಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಅನ್ಯಾಯವಾಯಿತು, ಊರು ಬಿಟ್ಟರು. ಗೊಂದಲ ಶುರುವಾದದ್ದು ಅವರ ಅಧ್ಯಕ್ಷರಿಂದ.

ಆ ದೇಶದ ಈಗಿನ ಅಧ್ಯಕ್ಷರ ಸುದ್ದಿಯಿಲ್ಲದೆ ನಮ್ಮ ಒಂದು ಪಾಠವೂ ಮುಗಿಯಲಿಲ್ಲ. ಆ ಅಧ್ಯಕ್ಷರು ನೀರಾವರಿ ಓದಿದ ಎಂಜಿನಿಯರು, ಆಮೇಲೆ ಹಾಕಿಮರು, ಎಂದರೆ ಪ್ರಾಂತ್ಯದ ಮುಖ್ಯ ಅಧಿಕಾರಿ, ಮಾಸ್ತರರ ಸಮರ್ಕಂದಿಗೂ ಕೆಲವು ವರ್ಷ ಅವರೇ ಹಾಕಿಮರು. ಆಮೇಲೆ ಹಳೆಯ ಅಧ್ಯಕ್ಷರ ಕೆಳಗೆ ವರ್ಷಗಟ್ಟಲೆ ಪ್ರಧಾನಮಂತ್ರಿ. ಹಳೆಯವರು ತೀರಿಕೊಂಡರು, ಇವರು ಕುರ್ಚಿಗೆ ಬಂದರು. ಎಲ್ಲ ಹಾಗೇ ನಡೆಯುತ್ತದೆ ಎಂದು ಜನ ಸುಮ್ಮನಿದ್ದಾಗ ಒಂದೊಂದೇ ಬದಲಾಗತೊಡಗಿತು. ದೇಶ ಬಿಟ್ಟು ಹೋಗಲು ಬೇಕಿದ್ದ ಅಪ್ಪಣೆ ಚೀಟಿ ರದ್ದಾಯಿತು. ಜೈಲಿನಲ್ಲಿದ್ದ ಎಷ್ಟೋ ಜನ ಹೊರಗೆ ಬಂದರು. ಜನಸಾಮಾನ್ಯರು ನೇರವಾಗಿ ಅಧ್ಯಕ್ಷರಿಗೆ ದೂರು ಬರೆಯಬಹುದಾದ ಕಚೇರಿಯೊಂದು ಕಂಪ್ಯೂಟರಿನಲ್ಲೇ ತೆರೆಯಿತು. ಕೊನೆಗೆ ಹತ್ತಿ. ಇಷ್ಟೇ ಹತ್ತಿ ಕೊಡಬೇಕೆಂಬ ಹುಕುಂ ಹೋಯಿತು. ಮಾಸ್ತರರು, ಮಕ್ಕಳು ಎಲ್ಲ ಶಾಲೆಯಲ್ಲೇ ಇರಲಿ ಎಂದಾಯಿತು.

"ಹಾಗಾದರೆ ಒಳ್ಳೆಯವರು" ಎಂದೆ.

"ನಾನು ಬೆರಳು ಗೀರಿಕೊಳ್ಳುತ್ತಿದ್ದಾಗ ಪ್ರಧಾನಮಂತ್ರಿ ಯಾರಿದ್ದರು, ಸಿಂಗ್ಲಿಂ?"

"ಹಾಗಾದರೆ ಕೆಟ್ಟವರು."

"ನನ್ನ ತಂಗಿಯ ಮಗಳು ಈ ವರ್ಷ ಹೊಲಕ್ಕೆ ಹೋಗಲಿಲ್ಲ. ಪೂರ್ತಿ ವರ್ಷ ಪಾಠ ಕೇಳಿದಳು. ಅದು ಯಾರಿಂದ?" ಎಂದು ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದರು.

ನಮ್ಮ ಮನೆಯಲ್ಲಿ ಹೀಗಿಲ್ಲ. ಮಂತ್ರಿ ಎಂದರೆ ಒಂದೋ ದೇವರಂಥವನು, ಇಲ್ಲವೋ ಕಳ್ಳ. ಈದ್ ಊಟಕ್ಕೆ ಕೂತ ನನ್ನವರೂ ಅವರ ಗೆಳೆಯರೂ ಇದರ ಮೇಲೆ ಕೂಗಾಡಿ, ತಣ್ಣಗಾದ ಬಿರಿಯಾನಿ ತಿನ್ನುತ್ತಾರೆ. ಮಾಸ್ತರರು ಕೂಗುವುದಿಲ್ಲ, ಹೊಗಳುವುದಿಲ್ಲ, ಬಯ್ಯುವುದೂ ಇಲ್ಲ. ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡ ನನ್ನ ಮಗಳು ಮನೆಗೆ ಬಂದು, "ಅಮ್ಮೀ, ಈಸ್ ಹಿ ಹ್ಯಾಪಿ ಆರ್ ಮ್ಯಾಡ್?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಎರಡು ಸಲ ಫೇಲಾದೆ. ಆದ್ದರಿಂದ ಪಾಠಗಳೂ ಮುಂದುವರಿದವು, ಅವರ ಕಥೆಯೂ ಮುಂದುವರಿಯಿತು. ಒಂದು ದಿನ ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವರಂತೆ, "ನಾನು ಅಧ್ಯಕ್ಷರ ದೂರು ಕಚೇರಿಗೆ ಬರೆದೆ" ಎಂದರು. ಕೆಲಸ ವಾಪಸು ಕೇಳಿರಲಿಲ್ಲ. ಪುಸ್ತಕದ ಆ ಒಂದು ಸಾಲು ತಪ್ಪು, ಅದನ್ನು ತಿದ್ದಿ ಎಂದಿದ್ದರಷ್ಟೇ.

ಕೆಲವು ವಾರಗಳಲ್ಲಿ ಉತ್ತರ ಬಂತು: ನಿಮ್ಮ ಅರ್ಜಿಯನ್ನು ಜಿಲ್ಲೆಯ ಶಿಕ್ಷಣ ಇಲಾಖೆಗೆ ಕಳಿಸಿದ್ದೇವೆ. ಆಮೇಲೆ ಇಲಾಖೆಯ ಮುಖ್ಯಸ್ಥರೇ ಫೋನು ಮಾಡಿದರು. ದನಿ ಕೇಳಿದ ಕೂಡಲೇ ಮಾಸ್ತರರಿಗೆ ಗುರುತು ಸಿಕ್ಕಿತಂತೆ. ಸಂಜೆಯವರೆಗೆ ತಡೆಯಿರಿ ಎಂದಿದ್ದ, ವಜಾ ಕಾಗದಕ್ಕೆ ಸಹಿ ಹಾಕಿದ್ದ ಅದೇ ಉಪ ಹೆಡ್‌ಮಾಸ್ತರರು. ಈಗ ಬೆಣ್ಣೆಯಂಥ ಮಾತು. ಗುರುಗಳೇ ಎಂದು ಕರೆದರಂತೆ. ಸಾಲು ತಿದ್ದುವುದೇನು ದೊಡ್ಡ ವಿಷಯವಲ್ಲ. ನೀವು ದೂರದ ಅಮೆರಿಕದಲ್ಲಿರುವವರು, ಸುಧಾರಣೆಗಳಿಗಾಗಿ ಅಧ್ಯಕ್ಷರಿಗೆ ಧನ್ಯವಾದ ಹೇಳಿ ಒಂದು ಸಣ್ಣ ವಿಡಿಯೊ ಕಳಿಸಿದರೆ ಎಲ್ಲರಿಗೂ ಒಳ್ಳೆಯದು ಎಂದರಂತೆ.

"ಹಾಗೆ ಮಾಡು ಅಂತ ಅಧ್ಯಕ್ಷರು ಹೇಳಿದ್ದಾರಾ?" ಎಂದು ಕೇಳಿದೆ.

"ಅವರು ಯಾಕೆ ಹೇಳುತ್ತಾರೆ? ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಇದು ಈ ಮನುಷ್ಯನ ಹಳೆಯ ಅಭ್ಯಾಸ." ಮತ್ತೆ ಹೇಳಿದರು: "ಮೇಲೆ ಹೊಸ ಗಾಳಿ. ಕೆಳಗೆ ಅದೇ ಕುರ್ಚಿ, ಅದೇ ಮನುಷ್ಯ. ನಾನು ಯಾರಿಗೆ ಕಾಗದ ಬರೆದೆ, ಯಾರು ಉತ್ತರ ಕೊಟ್ಟರು?"

ಆ ದಿನ ಪಾಠ ಮುಗಿದ ಮೇಲೆ ಗ್ರೋಸರಿ ಅಂಗಡಿಯೊಂದರ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಲು ಹೇಳಿದರು. ತಲೆ ಬಾಚಿಕೊಂಡು, ಫೋನನ್ನು ನನ್ನ ಕೈಗಿತ್ತು, ತಾವು ಒಂದು ಓಕ್ ಮರದ ಮುಂದೆ ನಿಂತರು. ನಾನು ರೆಕಾರ್ಡು ಮಾಡಿದೆ. ಅವರು ಆಡಿದ್ದು ತಮ್ಮ ಭಾಷೆಯಲ್ಲಿ. ನನಗೆ ತಿಳಿದ ಪದಗಳು ಎರಡೇ: ರಹ್ಮತ್ ಎಂದರೆ ಧನ್ಯವಾದ, ಪಖ್ತಾ ಎಂದರೆ ಹತ್ತಿ. ಮೊದಲ ಸಲ ರಹ್ಮತ್ ಬಹಳ ಸಲ ಬಂತು. ದನಿ ಶಾಲೆಯ ಭಾಷಣದಂತೆ ನೇರವಾಗಿತ್ತು. ಮುಗಿಸಿ, "ಇದು ಸುಳ್ಳಲ್ಲ. ಆದರೂ ನಾಲಿಗೆ ಕಹಿಯಾಯಿತು" ಎಂದರು. ಎರಡನೆಯ ಸಲ ಪಖ್ತಾ ಪಖ್ತಾ ಎನ್ನುತ್ತ ಅವರ ಮುಖ ಕೆಂಪಾಯಿತು. ಗಾಡಿಯಲ್ಲಿ ಸಾಮಾನು ತುಂಬುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. "ಇದೂ ಸುಳ್ಳಲ್ಲ. ಆದರೆ ಇವತ್ತು ಹೊಲದಲ್ಲಿ ಮಕ್ಕಳಿಲ್ಲವಲ್ಲ." ಮೂರನೆಯ ಸಲ ಎರಡೂ ಪದ ಬರಲಿಲ್ಲ. ಮೆಲ್ಲನೆ, ಕತೆ ಹೇಳುವಂತೆ ಹೇಳಿದರು. ಹಳದಿ ಕಣ್ಣಿನ ಹುಡುಗಿ, ಟ್ರ್ಯಾಕ್ಟರು, ಆಸ್ಪತ್ರೆ, ಅಂದು ಯಾವ ವಾರವಾಗಿತ್ತು ಎಂಬುದು. ಅಷ್ಟೇ ಇತ್ತು, ಅಧ್ಯಕ್ಷರು ಅದರಲ್ಲಿ ಇರಲೇ ಇಲ್ಲ ಎಂದು ಆಮೇಲೆ ತಿಳಿಸಿದರು.

"ಯಾವುದು ಕಳಿಸಲಿ, ಹೇಳು" ಎಂದರು.

ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಹೆಸರು ನನ್ನ ಉತ್ತರದ ಮೇಲೆ ನಿಂತಿತ್ತು. "ಧನ್ಯವಾದದ್ದು ಕಳಿಸಿದರೆ ಸಾಲು ತಿದ್ದುತ್ತಾರೆ. ಅದನ್ನೇ ಕಳಿಸಿಬಿಡಿ" ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ. ಮುಂದಿನ ವಾರ ಕೇಳಿದರೆ, ಕಳಿಸಿದ್ದು ಮೂರನೆಯದು.

ಎರಡು ತಿಂಗಳು ಏನೂ ಬರಲಿಲ್ಲ. ನಾನು ಟೆಸ್ಟು ಪಾಸಾದೆ, ಅವರ ಪಾಠ ಮುಗಿಯಿತು. ಆದರೂ ಆಗಾಗ ಮಗಳೊಂದಿಗೆ ಅವರ ಅಪಾರ್ಟ್‌ಮೆಂಟಿಗೆ ಹೋಗಿ ಹಾಲು ಹಾಕದ ಹಸಿರು ಚಹಾ ಕುಡಿದು ಬರುತ್ತಿದ್ದೆ. ಅಂಥ ಒಂದು ಭಾನುವಾರ ಅವರ ಫೋನಿಗೆ ಒಂದು ಚಿತ್ರ ಬಂತು. ಕೆಲಸದ ಪುಸ್ತಕದ ಹೊಸ ಪುಟ, ನೀಲಿ ಮೊಹರು: ಮೇಲಿನ ನಮೂದು ಅಸಿಂಧು. ಮಾಸ್ತರರು ಓದಿ ಫೋನನ್ನು ಹೆಂಡತಿಗೆ ಕೊಟ್ಟರು, ಹೆಂಡತಿ ಓದಿ ನನಗೆ ಕೊಟ್ಟರು, ನಾನು ಓದಲಾರದೆ ಅವರಿಗೇ ವಾಪಸು ಕೊಟ್ಟೆ.

"ಆ ಅಧಿಕಾರಿಗೆ ನಾಚಿಕೆಯಾಯಿತೇ? ಮೇಲಿನವರ ಭಯವೇ? ಅಥವಾ ವಿಡಿಯೊ ನೋಡದೆಯೇ ಮೊಹರು ಒತ್ತಿದನೇ?" ಎಂದು ಅವರು ನನ್ನನ್ನು ಕೇಳಿದರು. ಸಂತೋಷಪಡಿ ಎಂದೆ. "ಪಡುತ್ತಿದ್ದೇನೆ" ಎಂದು ಮುಖ ತೊಳೆಯಲು ಎದ್ದು ಹೋದರು.

ಅದೇ ವರ್ಷ ಅಲ್ಲಿ ಸಂವಿಧಾನ ಬದಲಾಯಿಸಲು ಜನರ ಮತ ಕೇಳಿದರು. ಅಧ್ಯಕ್ಷರ ಅವಧಿ ಉದ್ದವಾಯಿತು, ಹಿಂದಿನ ಅವಧಿಗಳು ಲೆಕ್ಕಕ್ಕಿಲ್ಲ ಎಂದಾಯಿತು. ಆ ಸುದ್ದಿ ಬಂದ ಸಂಜೆ ಮಾಸ್ತರರು ಬಹಳ ಹೊತ್ತು ಚಹಾದ ಬಟ್ಟಲು ತಿರುಗಿಸುತ್ತ ಕೂತಿದ್ದರು. "ಮುಚ್ಚಿದ ಬಾಗಿಲು ತೆಗೆದವನೇ ಹೊಸ್ತಿಲ ಮೇಲೆ ಕುರ್ಚಿ ಹಾಕಿ ಕೂತರೆ, ಬಾಗಿಲು ತೆರೆದಿದೆ ಅನ್ನಬೇಕೋ, ಮುಚ್ಚಿದೆ ಅನ್ನಬೇಕೋ?" ಎಂದರು. ಇನ್ನು ಇವರು ಊರಿನ ಹೆಸರೆತ್ತುವುದಿಲ್ಲ ಎಂದುಕೊಂಡೆ. ಇಲ್ಲಿಯ ಪೌರತ್ವಕ್ಕೆ ಅರ್ಜಿಯನ್ನೂ ತುಂಬಿಟ್ಟಿದ್ದರು. ಅದು ಸಿಕ್ಕರೆ ಅಲ್ಲಿಯದನ್ನು ಬಿಡಬೇಕು.

ಆದರೆ ಅವರು ಆ ಅರ್ಜಿ ಕಳಿಸಲಿಲ್ಲ. "ಊರಿನ ಶಾಲೆಯಲ್ಲಿ ಇತಿಹಾಸದ ಮಾಸ್ತರರಿಲ್ಲವಂತೆ. ಪುಸ್ತಕದ ಸಾಲು ಸರಿಯಾಗಿದೆಯಲ್ಲ, ಸೇರಿಸಿಕೊಳ್ಳುತ್ತಾರಂತೆ" ಎಂದರು.

"ನಿಮಗೆ ನಂಬಿಕೆ ಬಂತಾ ಹಾಗಾದರೆ?" ನನಗೆ ಸಿಟ್ಟೇ ಬಂದಿತ್ತು. "ಮೊನ್ನೆ ಕುರ್ಚಿ ಬಾಗಿಲು ಅಂತ ಏನೇನೋ ಹೇಳಿದಿರಿ."

"ನಂಬಿಕೆ ಬಂದಿಲ್ಲ. ವಯಸ್ಸು ಬಂದಿದೆ. ನಂಬಿಕೆ ಬರಲಿ ಅಂತ ಕಾದರೆ ಪಾಠ ಮಾಡುವುದು ಯಾವಾಗ?"

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಗಂಡಹೆಂಡತಿ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಕೊಲ್ಲಿಯ ಮೇಲಿನ ಉದ್ದ ಸೇತುವೆಯಲ್ಲಿ ಮೊದಲ ಸಲ ಯಾರ ನೆರವೂ ಇಲ್ಲದೆ ಧೈರ್ಯವಾಗಿ ಓಡಿಸಿದೆ. ಪಕ್ಕದಲ್ಲಿ ಕೂತ ಮಾಸ್ತರರು ಇಡೀ ದಾರಿ ಒಂದು ಸಲವೂ ತಿದ್ದಲಿಲ್ಲ. ಕಿಟಕಿಯಾಚೆ ನೀರನ್ನೇ ನೋಡುತ್ತಿದ್ದರು. ಇಳಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಹಿಂದಿನಿಂದ ಗಾಡಿಗಳು ಹಾರನ್ ಹೊಡೆಯುತ್ತಿದ್ದವು, ಸರಿಯಾಗಿ ಬೀಳ್ಕೊಡಲೂ ಆಗಲಿಲ್ಲ.

ಒಂದೂವರೆ ವರ್ಷ ಅವರು ಪಾಠ ಮಾಡಿದರು. ಕಳೆದ ಚಳಿಗಾಲದಲ್ಲಿ, ಶಾಲೆಯಿಂದ ಬಂದು ಬೂಟು ಬಿಚ್ಚಲು ಬಾಗಿದವರು ಏಳಲಿಲ್ಲ. ಹೃದಯಾಘಾತ. ಸುದ್ದಿ ಹೇಳಲು ಅವರ ಹೆಂಡತಿ ಫೋನು ಮಾಡಿದಾಗ ನಾನು ಮಗಳ ಶಾಲೆಯ ಮುಂದಿನ ಪಿಕಪ್ ಸಾಲಿನಲ್ಲಿದ್ದೆ. ಸಾಲು ಬಿಟ್ಟು ರಸ್ತೆಯ ಬದಿಗೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ನನಗೆ ಕಾರು ಓಡಿಸಲು ಬರುತ್ತದೆ, ಅದು ಅವರ ಋಣ. ಅದನ್ನು ಯಾರಿಗೂ ವಿವರಿಸಬೇಕಿಲ್ಲ. ಇನ್ನೊಂದು ಋಣವಿದೆ. ಈಗ ಈದ್ ಊಟದಲ್ಲಿ ಎರಡು ಪಕ್ಷವಾಗಿ ಕೂಗಾಟ ಶುರುವಾಗಿ ನೀನೇನಂತೀ ಎಂದು ಯಾರಾದರೂ ಕೇಳಿದರೆ, "ನನಗ ಇನ್ನೂ ತಿಳಿವಲ್ದು, ಹೇಳ್ರಿ, ಕೇಳ್ತೀನಿ" ಎನ್ನಲು ನಾಚುವುದಿಲ್ಲ.

ನಲವತ್ತನೆಯ ದಿನದ ದುವಾ ಆದ ಮೇಲೆ ಅವರ ಹೆಂಡತಿ ಮತ್ತೆ ಫೋನು ಮಾಡಿದರು. ಮಾಸ್ತರರ ಪಾಠದ ನೋಟ್‌ಬುಕ್ಕು ಸಿಕ್ಕಿತಂತೆ. ಕೊನೆಯ ಪಾಠ ಈಗಿನ ಅಧ್ಯಕ್ಷರ ಬಗ್ಗೆ. ಹುಟ್ಟಿದ್ದು, ಓದಿದ್ದು, ಹಾಕಿಮರಾದದ್ದು, ಪ್ರಧಾನಮಂತ್ರಿಯಾದದ್ದು ಎಲ್ಲ ಬರೆದು, ಸುಧಾರಣೆಗಳು ಎಂಬ ತಲೆಬರಹದ ಕೆಳಗೆ ಒಂದೇ ಸಾಲು ಬರೆದಿದ್ದರು: ಈ ಪಾಠ ಮಕ್ಕಳು ಹೇಳಲಿ, ನಾನು ಕೇಳುತ್ತೇನೆ.

ಅದನ್ನು ಕೇಳಿದ ತರಗತಿಯ ಮಕ್ಕಳು ಮನೆಗೇ ಬಂದರಂತೆ. ಜಮಖಾನೆಯ ಮೇಲೆ ಸುತ್ತಲೂ ಕೂತು ಒಬ್ಬೊಬ್ಬರಾಗಿ ಹೇಳತೊಡಗಿದರಂತೆ. ಒಬ್ಬಳು ಹೊಗಳಿದಳು. ಇನ್ನೊಬ್ಬ ನಮ್ಮಪ್ಪ ಹೀಗಂತಾರೆ ಎಂದು ದನಿಯೆತ್ತಿದ. ಜಗಳವಾಯಿತು.

"ನನಗೆ ಹೆದರಿಕೆಯಾಯಿತು. ಬೀದಿಗೆ ಕೇಳಿಸುತ್ತದೆ ಅಂತ ಕಿಟಕಿ ಮುಚ್ಚಲು ಎದ್ದೆ" ಎಂದರು ಆಕೆ.

"ಮುಚ್ಚಿದಿರಾ?"

"ಇಲ್ಲ. ಕಿಟಕಿಯ ಹತ್ತಿರವೇ ನಿಂತುಕೊಂಡೆ. ಮುಚ್ಚಬೇಕಿತ್ತೋ ಏನೋ, ನನಗೆ ಇನ್ನೂ ಗೊತ್ತಿಲ್ಲ. ಆದರೆ ಮಕ್ಕಳು ಪೂರ್ತಿ ಹೇಳಿ ಮುಗಿಸಿದರು."