ಸುಣ್ಣದ ಗೋಡೆ ಕಡಿದ ರಾಜಾ

ಗಿಣಿಗೇರಾದಲ್ಲಿ ಆಗಿನ್ನೂ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವ ಧೈರ್ಯ ಜನಕ್ಕಿತ್ತು. ಸಂಜೆಯೊಳಗೆ ಊರ ಪಕ್ಕದ ಕಬ್ಬಿಣದ ಕಾರ್ಖಾನೆಯ ಕರಿ ಧೂಳು ಕೂತಿರುತ್ತಿತ್ತು, ಒರೆಸಿಕೊಂಡು ತಿನ್ನುತ್ತಿದ್ದೆವು. ನಾನು ಆರನೆಯ ತರಗತಿ ಮುಗಿಸಿದ್ದ ಬೇಸಿಗೆ ಅದು. ಯುಗಾದಿಗೆ ಬಳಿದ ಸುಣ್ಣದ ವಾಸನೆ ಮನೆಯಿಂದ ಇನ್ನೂ ಹೋಗಿರಲಿಲ್ಲ.

ಅವ್ವ ಕಾರ್ಖಾನೆಯ ಅಧಿಕಾರಿಯೊಬ್ಬರ ಕ್ವಾರ್ಟರ್ಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಓಣಿಯ ಉಳಿದ ಹೆಂಗಸರು ಬಿಸಿಲಲ್ಲಿ ಅದಿರಿನ ಧೂಳು ಗುಡಿಸುವಾಗ ನಮ್ಮವ್ವ ಫ್ಯಾನಿನ ಕೆಳಗೆ ಚಪಾತಿ ಲಟ್ಟಿಸುತ್ತಿದ್ದಳು. ಅದು ನಮಗೆ ಸಣ್ಣ ಹೆಮ್ಮೆಯಲ್ಲ. ಆ ಮನೆಯವರು ರಜೆಗೆ ಊರಿಗೆ ಹೊರಟಾಗ, ಮಗಳು ಸಾಕಿದ್ದ ಇಗ್ವಾನಾ ಎಂಬ ದೊಡ್ಡ ಹಲ್ಲಿಯನ್ನು ಅವ್ವನಿಗೆ ಒಪ್ಪಿಸಿದರು. ಹಸಿರು ಮೈ, ಬೆನ್ನ ಮೇಲೆ ಗರಗಸದಂಥ ಮುಳ್ಳು, ಗಂಟಲ ಕೆಳಗೆ ಜೋತುಬಿದ್ದ ತೊಗಲು. ಹೆಸರು ರಾಜಾ. ಸೊಪ್ಪು ಹಾಕು, ದಿನಾ ಬಿಸಿಲಿಗೆ ಬಿಡು ಎಂದರು ಮೇಡಮ್ಮನವರು. ಗಾಡಿ ಹತ್ತುವಾಗ ಇನ್ನೊಂದು ಮಾತು ಸೇರಿಸಿದರು: "ಅದಕ್ಕೇನಾದರೂ ಆದರೆ ನನ್ನ ಮಗಳು ನಿನ್ನನ್ನು ಮನೆಯೊಳಗೆ ಬಿಡೋದಿಲ್ಲ, ನೋಡು." ನಗುತ್ತಲೇ ಹೇಳಿದ್ದರು. ಅವ್ವ ನಗಲಿಲ್ಲ.

ತಂದ ದಿನವೇ ಎದುರುಮನೆಯ ನಿಂಗಮ್ಮ ಬುಟ್ಟಿಯೊಳಗೆ ಇಣುಕಿದಳು.

"ಏ ಶಾಂತವ್ವ, ಉಡ ಹಿಡ್ಕೊಂಡ್ ಬಂದೀಯಲ್ಲ! ಫಾರೆಸ್ಟ್‌ನೋರಿಗೆ ಗೊತ್ತಾದ್ರ ಗಂಡ ಹೆಂಡ್ತಿ ಇಬ್ರೂ ಒಳಗ!"

"ಉಡ ಅಲ್ಲಬೇ. ಸಾಹೇಬ್ರ ಮನೀದು, ಫಾರಿನ್ನಿಂದು."

"ಫಾರಿನ್ನಿಂದಾದ್ರ ಏನ, ಉಡ ಉಡಾನ. ಅದು ಹೊಕ್ಕ ಮನಿ ಹಾಳ ಬೀಳ್ತೈತಿ."

ಅವ್ವನಿಗೆ ಭಯ ಹೊಕ್ಕಿತು. ಯಾರ ಕಣ್ಣಿಗೂ ಬೀಳದಿರಲಿ ಎಂದು ರಾಜಾನನ್ನು ಜೋಳದ ಚೀಲ ಇಡುವ ಹಿಂದಿನ ಕತ್ತಲ ಕೋಣೆಗೆ ಹಾಕಿ ಚಿಲಕ ಜಡಿದಳು. ಬಿಸಿಲಿನ ಮಾತು ಅಲ್ಲಿಗೆ ಮುಗಿಯಿತು.

ಒಂದಿಷ್ಟು ದಿನ ಪುಂಡಿ ಸೊಪ್ಪು, ಕುಂಬಳದ ಹೂ ತಿಂದುಕೊಂಡು ಸುಮ್ಮನಿತ್ತು. ಆಮೇಲೆ ಒಂದು ಮಧ್ಯಾಹ್ನ ಕೋಣೆಯಿಂದ ಕರ್ ಕರ್ ಎಂಬ ಸದ್ದು ಬಂತು. ಬಾಗಿಲು ತೆಗೆದರೆ ರಾಜಾ ಗೋಡೆಗೆ ಬಾಯಿ ಹಚ್ಚಿ ಸುಣ್ಣ ಕಡಿಯುತ್ತಿತ್ತು. ತುಟಿಯ ಅಂಚಿಗೆ ಬಿಳಿ ಪುಡಿ. ಅದರ ಮೇಲೆ ರಕ್ತ. ನಮ್ಮನ್ನು ಒಮ್ಮೆ ನೋಡಿ ಮತ್ತೆ ಗೋಡೆಗೇ ತಿರುಗಿತು. ದಿನದಿಂದ ದಿನಕ್ಕೆ ಸುಣ್ಣ ಹೋಗಿ ಒಳಗಿನ ಮಣ್ಣು ಕಾಣತೊಡಗಿತು. ಊಟಕ್ಕೆ ಕೂತಾಗಲೂ ಅದೇ ಸದ್ದು. ರೊಟ್ಟಿ ಮುರಿಯುವ ಅವ್ವನ ಕೈ ಅಲ್ಲೇ ನಿಲ್ಲುತ್ತಿತ್ತು.

"ಮಣ್ಣು ತಿಂದು ಸತ್ತ ಗಿತ್ತ ಹೋದೀತು," ಎಂದಳು ಅವ್ವ.

ಅಜ್ಜಿ, ಅಂದರೆ ಅಪ್ಪನ ತಾಯಿ, ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. "ಬಸುರೆಂಗಸ್ರು ಹಿಂಗ ಗ್ವಾಡಿ ಕೆರ್ಕೊಂಡು ತಿಂತಾರ. ಇದು ಬಸುರಿ ಐತಿ. ತಿನ್ನಲಿ ಬಿಡ್ರಿ."

ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. "ಅಜ್ಜೀ, ಅದರ ಹೆಸರು ರಾಜಾ. ಗಂಡೈತಿ. ಮ್ಯಾಲಾಗಿ ಒಂದಾ ಐತಿ. ಜೋಡಿ ಇಲ್ದ ಬಸುರು ಹೆಂಗ ಆಕ್ಕೈತಿ? ನಾ ವಿಜ್ಞಾನ ಓದೀನಿ."

"ಹುಂಜ ಇಲ್ದನೂ ಕೋಳಿ ತತ್ತಿ ಇಡೂದಿಲ್ಲೇನ, ಶಾಣ್ಯಾಕಿ?"

ಅಪ್ಪ ಅವ್ವ ನಂಬಿದ್ದು ಮಾತ್ರ ನನ್ನನ್ನೇ. ಸಾಲಿ ಕಲಿಯುವ ಮಗಳ ಮಾತಿಗೆ ನಮ್ಮ ಮನೆಯಲ್ಲಿ ಅಷ್ಟು ತೂಕವಿತ್ತು.

ಗೋಡೆಗೆ ಸೆಗಣಿ ಬಳಿದೆವು, ಬೇವಿನೆಣ್ಣೆ ಹಚ್ಚಿದೆವು. ಅದನ್ನು ಬಿಟ್ಟು ಪಕ್ಕದ ಗೋಡೆಗೆ ಹೋಯಿತು. ಕೊನೆಗೆ ಅಪ್ಪ, "ಹೊಲದಾಗ ಎಡಿ ಹೊಡಿಯುವಾಗ ಎತ್ತು ಬೆಳಿಗೆ ಬಾಯಿ ಹಾಕಬಾರ್ದಂತ ಮೂತಿಗೆ ಕುಕ್ಕಿ ಕಟ್ಟಂಗಿಲ್ಲೇನು? ಇದಕ್ಕೂ ಒಂದ ಹೆಣೀತೀನಿ," ಎಂದ. ಪುಂಡಿ ನಾರಿನಿಂದ ನಿಂಬೆಹಣ್ಣಿನಷ್ಟು ದೊಡ್ಡ ಕುಕ್ಕಿ ಹೆಣೆದು ಅದರ ಮೂತಿಗೆ ಕಟ್ಟಿದ. ಬೆಳಿಗ್ಗೆ ಸಂಜೆ ಬಿಚ್ಚಿ ಸೊಪ್ಪು ಹಾಕಿ ಮತ್ತೆ ಕಟ್ಟುವ ಕೆಲಸ ನನ್ನದಾಯಿತು.

ಸದ್ದು ನಿಂತಿತು. ಮನೆ ಎಷ್ಟು ಸುಮ್ಮನಾಯಿತೆಂದರೆ ನಾವು ಊಟದ ನಡುವೆ ಕಿವಿಗೊಟ್ಟು ಕೂರುವಂತಾಯಿತು.

ರಾಜಾ ಸೊಪ್ಪು ಮುಟ್ಟುವುದನ್ನು ಬಿಟ್ಟಿತು. ಮೂಲೆಯ ನೆಲವನ್ನು ಉಗುರಿನಿಂದ ಕೆದರತೊಡಗಿತು. ಹಿಂಗಾಲು ನಡುಗುತ್ತಿದ್ದವು. ಒಂದು ಸಂಜೆ ಕುಕ್ಕಿ ಕಟ್ಟುವಾಗ ಅದರ ದವಡೆ ನನ್ನ ಬೆರಳಿನ ಕೆಳಗೆ ನೆನೆದ ತೊಗಲಿನ ಹಾಗೆ ಬಾಗಿತು. ಎಲುಬು ಬಾಗಬಾರದು ಎಂಬುದು ನನಗೆ ಗೊತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಕುಕ್ಕಿ ಬಿಚ್ಚುತ್ತಾರೆ, ಅಜ್ಜಿ ಗೆದ್ದಂತಾಗುತ್ತದೆ. ಗಂಟು ಬಿಗಿದು ಚಿಲಕ ಹಾಕಿಕೊಂಡು ಬಂದೆ.

ಸಾಹೇಬರು ಬರಲು ಎರಡು ದಿನವಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಕೆದರಿದ ನೆಲದ ಮೇಲೆ ಮೂರು ತತ್ತಿ; ಇನ್ನೊಂದು ಅರ್ಧ ಹೊರಬಂದು ಸಿಕ್ಕಿಕೊಂಡಿತ್ತು. ರಾಜಾ ಸೆಟೆದು ಬಿದ್ದಿತ್ತು, ಮೂತಿಗೆ ಕುಕ್ಕಿ ಹಾಗೇ ಇತ್ತು. ಅಜ್ಜಿ ಬಂದು ನೆಲಕ್ಕೆ ಕೂತು, ಗಂಟನ್ನು ತಾನೇ ಬಿಚ್ಚಿದಳು. ನನ್ನ ಕಡೆ ನೋಡಲಿಲ್ಲ.

ಸಾಹೇಬರು ಬಂದ ದಿನ ನಾನೂ ಅವ್ವನ ಹಿಂದೆ ಹೋದೆ. ರಾಜಾನನ್ನು ಹಿತ್ತಲಲ್ಲಿ ಹೂಳಿದ್ದೆವು. ಅವ್ವ ಬರಿಗೈಯಲ್ಲಿ ನಿಂತು ಎಲ್ಲ ಹೇಳಿದಳು, ಕುಕ್ಕಿಯ ಸಂಗತಿಯನ್ನೂ.

"ಯಾರು ಕಟ್ಟಿದ್ದು?" ಎಂದಳು ಸಾಹೇಬರ ಮಗಳು, ಅಳುತ್ತ.

"ನಾನಾ ಕಟ್ಟಿದ್ನಿರಿ," ಎಂದಳು ಅವ್ವ.

ನಾನು ಅವಳ ಸೆರಗಿನ ಮರೆಯಲ್ಲೇ ಉಳಿದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು ಮೇಡಮ್ಮನವರು. ಮುಂದಿನ ವಾರ ಅವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದಿರಿನ ಅಂಗಳಕ್ಕೆ ಹೋದಳು. ನಾನು ಡಿಗ್ರಿ ಮುಗಿಸುವ ತನಕ ಹೋಗುತ್ತಲೇ ಇದ್ದಳು.

ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಕೊಪ್ಪಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ. ಗಂಡಿಲ್ಲದೆಯೂ ಹೆಣ್ಣು ಇಗ್ವಾನಾ ತತ್ತಿ ಕಟ್ಟಬಲ್ಲದು, ಬಿಸಿಲೂ ಸುಣ್ಣದ ಅಂಶವೂ ಸಿಗದಿದ್ದರೆ ತತ್ತಿಗೆ ಬೇಕಾದ ಸುಣ್ಣವನ್ನು ತನ್ನ ಎಲುಬಿನಿಂದಲೇ ಎಳೆದುಕೊಳ್ಳುತ್ತದೆ ಎಂದು ಅಲ್ಲಿ ತಿಳಿಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅವ್ವನ ಮುಂದೆ ಒಪ್ಪಿಕೊಂಡೆ.

"ಯವ್ವಾ, ಅದರ ದವಡಿ ಮೆತ್ತಗಾಗಿದ್ದು ನನಗ ಗೊತ್ತಿತ್ತು."

ಅವ್ವ ಕೆಮ್ಮು ನಿಲ್ಲುವ ತನಕ ಕಾದಳು. "ನಾನೂ ಮುಟ್ಟಿ ನೋಡಿದ್ನೆವಾ. ಮುದುಕಿ ಹೇಳೂದು ಖರೇ ಅನಸ್ತಿತ್ತು. ನೀ ಸಾಲಿ ಕಲ್ತಾಕಿ ಅಂತ ಸುಮ್ನಾದ್ನಿ."

ಈಗ ನಮ್ಮ ಮನೆಯಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಎದುರು ಮಾತಾಡುವವರು ಯಾರೂ ಉಳಿದಿಲ್ಲ.