ಮೈನಸ್ ಮೂರು ವೋಲ್ಟು

ಯುದ್ಧದ ಕಾಲ. ನಾನು ಕುಂದಾಪುರದಲ್ಲಿ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ನಮ್ಮದು ಶಂಕರನಾರಾಯಣ ಎಂಬ ಊರಿನ ಕಡೆಯ ಪೂಜೆಯ ಮನೆತನ. ಸೊಕ್ಕು ಬೇಕಾದಷ್ಟಿತ್ತು, ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಅದು ಹತ್ತಿದ್ದು ಬೈಂದೂರು ಕಡೆಯ ಮೀನುಗಾರರ ಮನೆಯ ಒಬ್ಬನಿಗೆ. ಅವನ ಅಬ್ಬಿ, ಅಂದರೆ ತಾಯಿ, ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಅವನೊಬ್ಬನೇ ಕೂರುತ್ತಿದ್ದ. ನನ್ನದೇ ವಯಸ್ಸಾದರೂ ನನಗೆ 'ನೀವು' ಅನ್ನುತ್ತಿದ್ದ, ಅದರಲ್ಲಿ ನನಗೇನೂ ತಪ್ಪು ಕಾಣುತ್ತಿರಲಿಲ್ಲ.

ಶಾಲೆಯ ಪರೀಕ್ಷೆಯಲ್ಲಿ ಪಾಸಾದವರನ್ನು ಮಾತ್ರ ಪಬ್ಲಿಕ್ ಪರೀಕ್ಷೆಗೆ ಕಳಿಸುತ್ತಿದ್ದರು. ಅವನು ನಪಾಸಾದರೆ ಅಪ್ಪ ಅವನನ್ನು ದೋಣಿಗೆ ಹತ್ತಿಸುತ್ತಾನೆ ಎಂಬುದು ಇಡೀ ತರಗತಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ವಿಜ್ಞಾನದ ಮಾಸ್ತರರು ಬ್ರಹ್ಮಾವರದ ಕಡೆಯವರು. ಶನಿವಾರ ಅವರಿಗೆ ಒಪ್ಪೊತ್ತು ಊಟದ ವ್ರತ. ಅವನು ಮುಟ್ಟಿದ್ದನ್ನು ಉಳಿದ ದಿನ ಹೇಗೋ ಸಹಿಸಿಕೊಂಡರೂ ಶನಿವಾರ ಸುತಾರಾಂ ಮುಟ್ಟರು. ಪ್ರಯೋಗದ ಪರೀಕ್ಷೆ ಶನಿವಾರವೇ ಬಂತು; ಅದರಲ್ಲಿ ಸೋತರೆ ಇಡೀ ಪರೀಕ್ಷೆಯಲ್ಲೇ ನಪಾಸು.

ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಒಳಗಿನ ಬ್ಯಾಟರಿ ಎಷ್ಟು ವೋಲ್ಟಿನದು ಎಂದು ನಾವು ಕಂಡುಹಿಡಿಯಬೇಕು. ಹೊರಗೆ ಎರಡು ಹಿತ್ತಾಳೆ ತಿರುಪು, ಪ್ಲಸ್ ಇರುವ ಕಡೆಗೆ ಕೆಂಪು ನೂಲು. ಬಸ್ಸಿನವರಿಂದ ತಂದ ಆರು ವೋಲ್ಟಿನ ಬ್ಯಾಟರಿಯ ಜೊತೆಗೆ ಅದನ್ನು ಒಂದೇ ದಿಕ್ಕಿಗೆ ಜೋಡಿಸಬೇಕು. ತಂತಿಯ ತಡೆ ಒಟ್ಟು ಹತ್ತು ಓಮ್. ಮೀಟರು ತೋರಿಸಿದ ಕರೆಂಟನ್ನು ಹತ್ತರಿಂದ ಗುಣಿಸಿ, ಆರು ಕಳೆದರೆ ಪೆಟ್ಟಿಗೆಯ ವೋಲ್ಟು ಸಿಗುತ್ತದೆ. ನಾನು ಗುಣಿಸಲೂ ಇಲ್ಲ, ಕಳೆಯಲೂ ಇಲ್ಲ. ಮೊದಲೇ ಮುಗಿಸಿದವರು ಕಿಟಕಿಯಾಚೆ ನಿಂತು ಮೂರು ಬೆರಳು ತೋರಿಸಿದ್ದರು. ಮೂರು ಎಂದು ಬರೆದೆ.

ಅವನು ಮುಟ್ಟಿದ ಮೇಲೆ ಬೇರೆಯವರು ಮುಟ್ಟಬಾರದೆಂದು ಅವನ ಸರದಿ ಯಾವತ್ತೂ ಕೊನೆಗೆ. ಅವನಿಗಿಂತ ಮುಂಚಿನವನು ನಾನು. ಏಳುವ ಮೊದಲು ಕೆಂಪು ನೂಲನ್ನು ಬಿಚ್ಚಿ ಇನ್ನೊಂದು ತಿರುಪಿಗೆ ಕಟ್ಟಿದೆ. ಹೊಟ್ಟೆಕಿಚ್ಚು, ಅಷ್ಟೇ. ಅದಕ್ಕೆ ಬೇರೆ ಹೆಸರು ಹುಡುಕಿ ನಾನೀಗ ಒಳ್ಳೆಯವನಾಗಬೇಕಿಲ್ಲ.

ಅವನು ನೂಲು ನೋಡಿ ಜೋಡಿಸಿದ. ಮೀಟರು ನೋಡಿದ, ಬರೆದ, ಮತ್ತೆ ನೋಡಿದ. ಕೊನೆಗೆ ಹಾಳೆಯನ್ನು ಮೇಜಿನ ಮೇಲಿಟ್ಟು ದೂರ ಸರಿದ. ಮಾಸ್ತರರು ಬಗ್ಗಿ ಓದಿದರು.

"ಎಂತದಾ ಇದ್, ಮೈನಸ್ ಮೂರ್? ನಿನ್ನಬ್ಬಿ ಬುಟ್ಟಿಯೊಳ್ಗೆ ಮೈನಸ್ ಮೂರ್ ಬಂಗ್ಡೆ ಇತ್ತಾ?"

ಕಿಟಕಿಯಾಚೆ ನಿಂತಿದ್ದ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅವನು ತಲೆ ತಗ್ಗಿಸಿಯೇ ಹೇಳಿದ: "ಸಾರ್, ಒಳ್ಗೆ ಬ್ಯಾಟ್ರಿ ತಿರ್ಗಿ ಇತ್ತೋ ಎಂತೋ. ಒಂದ್ಸಲ ಕಾಣಿ ಸಾರ್."

ಮುಚ್ಚಳ ತೆಗೆದು ನೋಡಿದ್ದರೆ ಕೆಂಪು ನೂಲು ಮೈನಸ್ ಕಡೆಗಿರುವುದು ಯಾರಿಗಾದರೂ ಕಾಣುತ್ತಿತ್ತು. ಆದರೆ ಪೆಟ್ಟಿಗೆಯನ್ನು ಅವನು ಮುಟ್ಟಿಯಾಗಿತ್ತು. ಮಾಸ್ತರರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಕಡೆ ತಿರುಗಿದರು.

"ನೀ ಹ್ಯಾಂಗೂ ಮನಿಗ್ ಹೋಯಿ ಮೀತೆ ಅಲ್ದಾ? ತೆಗ್ದ್ ಕಾಣ್."

ತೆಗೆದೆ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಮುಖದ ಮೇಲೆ ಅವನಿಗೆ ನಂಬಿಕೆಯಿತ್ತು.

"ಸಮ ಇತ್ತ್, ಸಾರ್" ಅಂದೆ.

ಮುಚ್ಚಳ ಹಾಕಿದೆ. ಮಾಸ್ತರರು ಅವನ ಹಾಳೆಯ ಮೇಲೆ ದೊಡ್ಡ ಸೊನ್ನೆ ಬರೆದರು. ಸಂಜೆ ಮನೆಯ ಬಾವಿಕಟ್ಟೆಯಲ್ಲಿ ನಾನು ನಾಲ್ಕು ಕೊಡ ನೀರು ಹೊಯ್ದುಕೊಂಡೆ, ಪೆಟ್ಟಿಗೆ ಮುಟ್ಟಿದ ಮೈಲಿಗೆಗೆ.

ಮುಂದಿನ ವಾರ ಕಳಿಸುವವರ ಪಟ್ಟಿ ಗೋಡೆಗೆ ಬಂತು. ನನ್ನ ಹೆಸರು ಇತ್ತು. ಅವನದಿರಲಿಲ್ಲ. ಅವನು ಶಾಲೆಯ ಪಾಗಾರದ ಹೊರಗೆ ಕಾಯುತ್ತಿದ್ದ. ತನ್ನ ಲೆಕ್ಕದ ಪುಸ್ತಕವನ್ನು ಪಾಗಾರದ ಮೇಲಿಟ್ಟು, ನಾನು ತೆಗೆದುಕೊಳ್ಳಲೆಂದು ಎರಡು ಹೆಜ್ಜೆ ಹಿಂದೆ ಸರಿದ.

"ಹ್ವಾಯ್, ಇದ್ ನಿಮ್ಗೆ ಬೇಕಾತ್ತ್, ಇಟ್ಕಣಿ. ನಂಗೆ ಲೆಕ್ಕ ಬತ್ತಿಲ್ಲೆ ಅಂದೇಳಿ ಗೊತ್ತಾಯ್ತಲೆ. ನಾ ನಾಳಿಂದ ದೋಣಿಗ್ ಹೋತೆ."

ಬೇಡ ಅನ್ನಲಿಲ್ಲ. ನನಗೆ ಅದು ಬೇಕಿತ್ತು.

ಕೊನೆಯ ಪುಟಗಳಲ್ಲಿ ಅದೇ ಲೆಕ್ಕ, ಮತ್ತೆ ಮತ್ತೆ. ಪ್ರತಿ ಸಲವೂ ಮೈನಸ್ ಮೂರು, ಪ್ರತಿ ಸಲವೂ ಹೊಡೆದು ಹಾಕಿದ ಗೆರೆ. ಕೆಳಗೆ ಅವನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಬ್ಯಾಟರಿ ತಿರುಗಿದ್ದರೆ ಮಾತ್ರ ಮೈನಸ್ ಬರಬೇಕು. ಅವರು ತೆಗೆದು ನೋಡಿ ಸರಿ ಇದೆ ಅಂದಿದ್ದಾರೆ. ಆದ್ದರಿಂದ ತಪ್ಪು ನನ್ನದೇ.'

ಮೈನಸ್ ಎಂದರೇನು ಎಂದು ನನಗೆ ತಿಳಿದದ್ದು ಆ ಸಾಲಿನಿಂದ. ಪಬ್ಲಿಕ್ ಪರೀಕ್ಷೆಯಲ್ಲಿ ಅಂಥದೇ ಒಂದು ಲೆಕ್ಕ ಬಂತು. ನನ್ನ ಉತ್ತರದಲ್ಲೂ ಮೈನಸ್ ಬಂತು. ಬ್ಯಾಟರಿ ತಿರುಗಿದೆ ಎಂದು ಪಕ್ಕದಲ್ಲಿ ಕಾರಣ ಬರೆದು, ಹೆದರದೆ ಎದ್ದು ಬಂದೆ. ಪಾಸಾದೆ.