ಹಿಡಿ ಮೆಣಸಿನಕಾಯಿಗೆ ಗಿರಣಿ

ನನ್ನ ಹೆಂಡತಿ ಪ್ರೇಮಲತಾಳಿಗೆ ಹಟ ಜಾಸ್ತಿ. ದೂರು ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಾನು ಆಟೋ ಓಡಿಸುವ ಹನುಮೇಶ. ದಾವಣಗೆರೆ ಪಕ್ಕದ ಆವರಗೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ತಟ್ಟೆ ಇಡಲೂ ಜಾಗವಿಲ್ಲದಷ್ಟು ವೈರು, ಬೋರ್ಡು, ಸ್ಕ್ರೂಡ್ರೈವರು. ಸತ್ತ ಬೋರ್ಡಿಗೆ ಜೀವ ಬಂದರೆ ಒಳಗಿಂದ ಚಪ್ಪಾಳೆ ಕೇಳಿಸುತ್ತದೆ. ಒಬ್ಬಳೇ ಕೂತು ತನಗೆ ತಾನೇ ಚಪ್ಪಾಳೆ ಹೊಡೆದುಕೊಳ್ಳುವ ಹೆಂಗಸನ್ನು ನೀವೆಲ್ಲಾದರೂ ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ.

ಹೋದ ವರ್ಷ ಪಿ.ಜೆ. ಬಡಾವಣೆಯ ಹೃದಯದ ಡಾಕ್ಟರು ಪದ್ಮಶ್ರೀ ಅವಳಿಗೊಂದು ಕೆಲಸ ಕೊಟ್ಟರು. ಹರಿಹರದಾಚೆಯ ನಂದಿಗುಡಿ ಹಳ್ಳಿಯಲ್ಲಿ ಅವರದೊಂದು ಸಣ್ಣ ತಪಾಸಣೆ ಕೋಣೆ ಇದೆ, ಅಲ್ಲಿ ನರ್ಸ್ ಹೊನ್ನಕ್ಕ ಇರುತ್ತಾರೆ. ರೋಗಿಯ ಎದೆಬಡಿತದ ಗೆರೆ, ಮುಖ, ಮಾತು ಮೂರೂ ಅಲ್ಲಿಂದ ದಾವಣಗೆರೆಯ ಪರದೆಗೆ ನೇರವಾಗಿ, ತಡವಿಲ್ಲದೆ ಬರಬೇಕು. ದಾರಿಯಲ್ಲಿ ಯಾರೂ ಇಣುಕಬಾರದು. ಅದಕ್ಕೆ ಎನ್‌ಕ್ರಿಪ್ಶನ್ ಅನ್ನುತ್ತಾರಂತೆ, ನಾನು ಬೀಗ ಅನ್ನುತ್ತೇನೆ. ಒಬ್ಬರ ಕಾಯಿಲೆ ಊರ ಕಟ್ಟೆಯ ಹರಟೆಯಾಗಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮೇಲಾಗಿ ಅಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ. ಬ್ಯಾಟರಿಯ ಮೇಲೆ ನಡೆಯುವ, ಅಂಗೈಯಗಲದ ಕಂಪ್ಯೂಟರೇ ಆಗಬೇಕು. ಇದು ಕೈಗೂಡದಿದ್ದರೆ ಕೋಣೆ ಮುಚ್ಚಿ, ಎಲ್ಲರನ್ನೂ ದಾವಣಗೆರೆಗೇ ಕರೆಸುವುದೆಂದು ತೀರ್ಮಾನವಾಗಿತ್ತು.

ಆ ಎಲ್ಲರಲ್ಲಿ ನಮ್ಮವ್ವ ಕಾಟಮ್ಮನೂ ಒಬ್ಬಳು. ನಂದಿಗುಡಿಯಲ್ಲಿ ಅಣ್ಣ ಭರಮಣ್ಣನ ಮನೆಯಲ್ಲಿದ್ದಾಳೆ. ಮುದುಕಿ ಗಟ್ಟಿ, ಎದೆ ಮಾತ್ರ ಆಗಾಗ ತಾಳ ತಪ್ಪುತ್ತದೆ. ಬಸ್ಸು ಹತ್ತಿಸಿದರೆ ಹರಿಹರ ಬರುವಷ್ಟರಲ್ಲಿ ವಾಂತಿ. ಆಟೋ ತರುತ್ತೇನೆ ಅಂದರೆ, ನನ್ನ ಎದೆಗಿಂತ ನಿನ್ನ ಗಾಡಿಯೇ ಜಾಸ್ತಿ ಬಡಿದುಕೊಳ್ಳುತ್ತೆ ಅನ್ನುತ್ತಾಳೆ. ದಾವಣಗೆರೆಗೆ ಬಾ ಅಂದರೆ ಅವಳು ತಪಾಸಣೆಯನ್ನೇ ಬಿಟ್ಟುಬಿಡುತ್ತಾಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಪ್ರೇಮಲತಾ ಆರಿಸಿದ್ದು ಒಂದು ಬಡಪಾಯಿ ಬೋರ್ಡು. ಪ್ರೊಸೆಸರ್ ನಿಧಾನ, ಆದರೆ ಬೀಗ ಹಾಕುವುದಕ್ಕೆಂದೇ ಪಕ್ಕದಲ್ಲಿ ಪ್ರತ್ಯೇಕ ಚಿಪ್. ಬಿಡಿಭಾಗ ಮಾರುವ ಯೋಗರಾಜ್ ಬೇಡವೆಂದ. ಚಿಪ್ಪಿನ ಆಸೆ ಬಿಟ್ಟು ವೇಗದ ಪ್ರೊಸೆಸರ್ ಇರುವ ಬೋರ್ಡು ತಗೊಳ್ಳಿ, ಎಲ್ಲವನ್ನೂ ಅದೊಂದೇ ಮಾಡುತ್ತೆ ಅಂದ. ಇವಳು ಕೇಳಬೇಕಲ್ಲ! ವೇಗದ್ದು ಬ್ಯಾಟರಿ ಕುಡಿಯುತ್ತೆ, ಬೀಗದ ಕೆಲಸವನ್ನು ಬೀಗ ಬಲ್ಲವನಿಗೇ ಕೊಡಬೇಕು ಅಂತ ವಾದ ಮಾಡಿ ಬಂದಳು. ಮನೆಯಲ್ಲಿ ಪರೀಕ್ಷೆಗೆ ದೊಡ್ಡ ಫೈಲ್ ಬೇಕಾಯಿತು. ನಮ್ಮ ಕಡೆ ದೊಡ್ಡ ಫೈಲ್ ಅಂದರೆ ಇನ್ನೇನು, ಮದುವೆ ವಿಡಿಯೋ. ಅರಿಶಿಣ ಶಾಸ್ತ್ರದಿಂದ ಹೆಣ್ಣು ಒಪ್ಪಿಸುವವರೆಗೆ ಎಲ್ಲಕ್ಕೂ ಬೀಗ ಬಿದ್ದು ಸರಸರ ಹೋಯಿತು. ಅವತ್ತು ಚಪ್ಪಾಳೆಯೋ ಚಪ್ಪಾಳೆ.

ನಂದಿಗುಡಿಯಲ್ಲಿ ಮಾನ ಹೋಯಿತು. ಅವ್ವನ ಎದೆಗೆ ಹೊನ್ನಕ್ಕ ವೈರು ಅಂಟಿಸಿದರು. ಪರದೆಯಲ್ಲಿ ಡಾಕ್ಟರು ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಟ್ಟರು. ಅವರ ಕಡೆ ಎದೆಯ ಗೆರೆ ಇಲಿ ಕಡಿದ ದಾರದಂತೆ ತುಂಡು ತುಂಡಾಗಿತ್ತಂತೆ. ಸೋಮವಾರ ಇನ್ನೊಂದು ಸಲ ನೋಡೋಣ, ಆಗಲೂ ಹೀಗೇ ಆದರೆ ಮುಚ್ಚುವುದೇ ಅಂತ ಫೋನಿನಲ್ಲಿ ಹೇಳಿದರು.

ಅಣ್ಣನ ಮನೆಯಲ್ಲಿ ಪ್ರೇಮಲತಾ ಮುಖ ಗಂಟಿಕ್ಕಿಕೊಂಡು ಕೂತಳು. ಅಡುಗೆಗೆ ಖಾರದ ಪುಡಿ ಮುಗಿದಿದೆ ಅಂದಳು ಅವ್ವ. ಕೊಡು, ಗಿರಣಿಗೆ ಹೋಗಿ ಬರುತ್ತೇನೆ ಎಂದು ನಾನು ಎದ್ದೆ.

"ಹಿಡಿ ಮೆಣಸಿನಕಾಯಿಗೆ ಯಾರಾದ್ರೂ ಗಿರಣಿಗೆ ಹೋಗ್ತಾರೇನಲೇ? ನೀ ಹೋಗಿ, ಸರದಿ ನಿಂತು ಬರೋದ್ರಾಗೆ ನಾ ಕುಟ್ಟಿ, ಉಂಡು, ಕೈ ತೊಳ್ಕಂಡಿರ್ತೀನಿ," ಎಂದು ಅವ್ವ ಒರಳಿಗೆ ಮೆಣಸಿನಕಾಯಿ ಸುರಿದಳು.

ಪ್ರೇಮಲತಾ ಕೈಯಲ್ಲಿದ್ದ ನೀರಿನ ಲೋಟವನ್ನು ಟಕ್ಕನೆ ಕೆಳಗಿಟ್ಟಳು. ಆಮೇಲೆ ಮನೆ ಹಾರಿಹೋಗುವಂಥ ಚಪ್ಪಾಳೆ. ಸೊಸೆಗೆ ಏನೋ ಆಯಿತೆಂದು ಅವ್ವ ಒನಕೆ ಹಿಡಿದೇ ಓಡಿ ಬಂದಳು.

ಮನೆಗೆ ಮರಳುವ ದಾರಿಯುದ್ದಕ್ಕೂ, ಆಟೋದ ಸದ್ದಿಗೂ ಮೀರಿ, ಅವಳು ನನಗೆ ಬಿಡಿಸಿ ಹೇಳಿದಳು. ಮದುವೆ ವಿಡಿಯೋ ಮೂಟೆ ಇದ್ದ ಹಾಗೆ, ಗಿರಣಿಗೆ ಒಯ್ದರೆ ಲಾಭ. ಎದೆಯ ಗೆರೆ, ಮಾತು, ಮುಖ ಹಾಗಲ್ಲ, ಹಿಡಿ ಹಿಡಿಯಾಗಿ ಬರುತ್ತಲೇ ಇರುತ್ತವೆ. ಪ್ರತಿ ಹಿಡಿಯನ್ನೂ ಬಡ ಪ್ರೊಸೆಸರ್ ಹೊತ್ತು ಚಿಪ್ಪಿನ ಬಾಗಿಲಿಗೆ ಓಡಬೇಕು, ಕಾಯಬೇಕು, ವಾಪಸ್ ತರಬೇಕು. ಆ ಓಡಾಟದಲ್ಲೇ ಅದಕ್ಕೆ ಸಾಕಾಗಿ ಹೋಗುತ್ತದೆ. ವೇಗದ ಪ್ರೊಸೆಸರ್ ಆದರೆ ಕೂತಲ್ಲೇ ಕುಟ್ಟಿ ಹಾಕುತ್ತದೆ. ಕೇಳುತ್ತಾ ಕೇಳುತ್ತಾ ನಾನು ಹರಿಹರದ ತಿರುವನ್ನೇ ದಾಟಿ ಮುಂದೆ ಹೋಗಿದ್ದೆ.

ಮರುದಿನ ಅವಳು ಹಟ ನುಂಗಿಕೊಂಡು ಯೋಗರಾಜನ ಅಂಗಡಿಗೆ ಹೋದಳು. ನಗದೆ ಇರಲು ಪಾಪ ಅವನು ಪಟ್ಟ ಪಾಡು ನೋಡಬೇಕಿತ್ತು. ಹೊಸ ಬೋರ್ಡು ತಂದು, ಈ ಸಲ ಮದುವೆ ವಿಡಿಯೋದ ಬದಲು ನನ್ನನ್ನೇ ಕ್ಯಾಮೆರಾ ಮುಂದೆ ಕೂರಿಸಿ ಗಂಟೆಗಟ್ಟಲೆ ಮಾತಾಡಿಸಿದಳು. ಬ್ಯಾಟರಿಯ ಭಯವೂ ಸುಳ್ಳಾಯಿತು. ಹೊಸದು ಕೆಲಸವನ್ನು ಬೇಗ ಮುಗಿಸಿ ಬೇಗ ವಿಶ್ರಾಂತಿಗೆ ಹೋಗುತ್ತಿತ್ತು, ಬ್ಯಾಟರಿ ದಿನಕ್ಕೆ ಸಾಕಾಗುವಷ್ಟು ಉಳಿಯಿತು.

ಸೋಮವಾರ ಬೆಳಿಗ್ಗೆ ನಾನು ಉಪ್ಪಿಟ್ಟು ಕೊಟ್ಟರೆ ಪ್ರೇಮಲತಾ ಬೇಡವೆಂದಳು, ನಂದಿಗುಡಿಯಲ್ಲಿ ಅವ್ವ ರೊಟ್ಟಿ ಕೊಟ್ಟರೂ ಬೇಡವೆಂದಳು. ತಪಾಸಣೆ ಕೋಣೆಯಲ್ಲಿ ಅವ್ವ ಮಂಚದ ಮೇಲೆ ಮಲಗಿದಳು. ಪರದೆ ಬೆಳಗಿತು. ಅಷ್ಟರಲ್ಲೇ ಕರೆಂಟು ಹೋಯಿತು. ನನ್ನ ಉಸಿರು ನಿಂತಿತು, ಗೆರೆ ಮಾತ್ರ ನಿಲ್ಲಲಿಲ್ಲ. ಗದ್ದೆಗೆ ಬಿಟ್ಟ ನೀರಿನಂತೆ ಹರಿಯುತ್ತಲೇ ಹೋಯಿತು. ಡಾಕ್ಟರು ಬಗ್ಗಿ ಬಗ್ಗಿ ನೋಡಿದರು.

"ಕಾಟಮ್ಮ, ತಾಳ ಸರಿ ಐತೆ. ಆದ್ರೆ ಇವತ್ತು ಎದೆ ಯಾಕ ಇಷ್ಟು ಓಡ್ತಾ ಐತೆ? ಭಯ ಏನ್ರಿ?"

"ನಂಗೇನು ಭಯ ಡಾಕ್ಟ್ರಮ್ಮ. ನಮ್ ಸೊಸೆ ಬೆಳಿಗ್ಗೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ. ನೀವು ಇದು ಆತು ಅಂತ ಹೇಳಿದ್ರೆ ಹೋಗಿ ಉಣ್ಣಾಕಿಕ್ತೀನಿ."

ಡಾಕ್ಟರು ನಕ್ಕು, ಆತು, ಕೋಣೆ ಮುಚ್ಚಲ್ಲ ಅಂದರು. ಪ್ರೇಮಲತಾ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅವ್ವ ಯಾರನ್ನೂ ಕಾಯಲಿಲ್ಲ, ಎದೆಯ ವೈರುಗಳನ್ನೆಲ್ಲ ಪಟಪಟನೆ ಕಿತ್ತು ಎದ್ದೇಬಿಟ್ಟಳು. ಪರದೆಯ ಗೆರೆ ಏರಿಳಿತವಿಲ್ಲದೆ ನೆಟ್ಟಗಾಯಿತು. ದಾವಣಗೆರೆಯಲ್ಲಿ ಡಾಕ್ಟರು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದದ್ದು ನಂದಿಗುಡಿಯಲ್ಲಿ ನಮಗೆ ಆ ಕ್ಷಣವೇ ಕಾಣಿಸಿತು, ಒಂಚೂರೂ ತಡವಿಲ್ಲದೆ.